ಎಲ್ಲರಿಗೂ ಕಾಣುವಂತೆ

ವಿಜಯನಗರದ ನಮ್ಮ ಬೀದಿಯಲ್ಲಿ ಮಗನೋ ಮಗಳೋ ಹೊರದೇಶದಲ್ಲಿಲ್ಲದ ಮನೆಯನ್ನು ಹುಡುಕಬೇಕು. ಹಾಗಾಗಿ ಸಂಜೆಯ ಕಟ್ಟೆಪುರಾಣದಲ್ಲಿ ಪಾಸ್‌ಪೋರ್ಟ್ ರಿನ್ಯೂವಲ್ಲು, ಓಸಿಐ ಕಾರ್ಡು, ಅಪಾಯಿಂಟ್‌ಮೆಂಟು ಎಲ್ಲವೂ ಅವರೆಕಾಯಿಯ ರೇಟಿನಷ್ಟೇ ಸಲೀಸಾಗಿ ಬಂದುಹೋಗುತ್ತವೆ. ಈಚೆಗೆ ನನ್ನ ತಂಗಿಯ ಮಗನಿಗೆ ಅವನಿರುವ ದೇಶದಲ್ಲಿನ ನಮ್ಮದೇ ಒಂದು ಕಚೇರಿಯಿಂದ ಮೇಲ್ ಬಂತು. ವಿಷಯ ಎರಡೇ ಸಾಲು: ನಿಮ್ಮ ಅರ್ಜಿಯ ಜೊತೆ ಇಂಥ ದಾಖಲೆ ಇಲ್ಲ, ಬೇಗ ಕಳಿಸಿ. ಅದರ ಮೇಲೆ, 'ಟು' ಎಂಬ ಜಾಗದಲ್ಲಿ, ಆ ದಾಖಲೆ ಕೊಡದ ಅಷ್ಟೂ ಜನರ ವಿಳಾಸ. ಬೆರಳಲ್ಲಿ ಎಷ್ಟು ಸರಿಸಿದರೂ ಪಟ್ಟಿ ಮುಗಿಯದು. ಕೆಳಗಿನ ಬಿಸಿಸಿ ಖಾನೆಯಲ್ಲಿ ಹಾಕಿದ್ದರೆ ಯಾರದೂ ಯಾರಿಗೂ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬ ಪುಣ್ಯಾತ್ಮರು 'ರಿಪ್ಲೈ ಆಲ್' ಒತ್ತಿ ತಮ್ಮ ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ ಎರಡನ್ನೂ ಎಲ್ಲರಿಗೂ ಕಳಿಸಿದರು. ಇನ್ನೊಬ್ಬರು ತಮ್ಮ ವಿಚ್ಛೇದನದ ಆದೇಶ ಇನ್ನೂ ಕೈಸೇರಿಲ್ಲವೆಂದು ವಿವರವಾಗಿ ತಿಳಿಸಿದರು. ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ ಎಂದು ಮತ್ತೊಬ್ಬರು ಎಲ್ಲರಿಗೂ ಉತ್ತರಿಸಿದರು. ಮರುದಿನ ಕಚೇರಿಯೂ ಎಚ್ಚೆತ್ತುಕೊಂಡು, ಹಿಂದಿನ ಮೇಲ್ ಡಿಲೀಟ್ ಮಾಡಿ ಎಂದು ಬರೆಯಿತು. ಅದೇ ಪಟ್ಟಿಗೆ, ಅದೇ ಖಾನೆಯಲ್ಲಿ.

"ಒಂದು ಕಂಪ್ಲೇಂಟ್ ಬರಿಯೋ" ಅಂದೆ.

"ಸುಮ್ನಿರಿ ಮಾವ, ಪಾಸ್‌ಪೋರ್ಟ್ ಅವರ ಹತ್ರಾನೇ ಇದೆ."

ಇಡೀ ವ್ಯವಹಾರದ ಗುಟ್ಟು ಆ ಮಾತಿನಲ್ಲಿದೆ ಅನ್ನಿಸುತ್ತದೆ ನನಗೆ. ಬ್ಯಾಂಕು ಹೀಗೆ ಮಾಡಿದರೆ ಮ್ಯಾನೇಜರ ಮುಂದೆ ಕೂಗಾಡಿ ಖಾತೆ ಕ್ಲೋಸ್ ಮಾಡಿ ಬರುತ್ತೇವೆ. ಪಾಸ್‌ಪೋರ್ಟಿಗೆ ಇನ್ನೊಂದು ಅಂಗಡಿ ಎಲ್ಲಿದೆ? ಕಾಗದ ಒಳಗೆ ಸಿಕ್ಕಿಕೊಂಡವನು ಹೊರಗೆ ನಿಂತು ಜಗಳ ಆಡುವುದಿಲ್ಲ. ಅದು ಕಚೇರಿಗೂ ಗೊತ್ತು.

ನಮ್ಮವರ ಹಣೆಬರಹವೇ ಇಷ್ಟು ಅಂತ ಹಲುಬಬೇಕಿಲ್ಲ. 2020ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ವಿದೇಶಾಂಗ ಇಲಾಖೆ, ಕೊರೊನಾದಿಂದ ಹೊರದೇಶಗಳಲ್ಲಿ ಸಿಕ್ಕಿಬಿದ್ದ ತನ್ನ ಪ್ರಜೆಗಳಿಗೆ ಸಾಲದ ನೆರವಿನ ಸುದ್ದಿ ಕಳಿಸಲು ಹೋಗಿ, 2,727 ವಿಳಾಸಗಳನ್ನು ಒಬ್ಬರದು ಒಬ್ಬರಿಗೆ ತೋರಿಸಿಬಿಟ್ಟಿತು. ಮರುವರ್ಷ ಬ್ರಿಟನ್ನಿನ ರಕ್ಷಣಾ ಇಲಾಖೆ, ತಾಲಿಬಾನ್ ಆಡಳಿತದಿಂದ ಪಾರಾಗಲು ಕಾಯುತ್ತಿದ್ದ 245 ಆಫ್ಘನ್ನರಿಗೆ ಇದೇ ಕೆಲಸ ಮಾಡಿತು. ಅಲ್ಲಿ ವಿಳಾಸ ಬಯಲಾದರೆ ಪ್ರಾಣಕ್ಕೇ ಸಂಚಕಾರ. 2023ರಲ್ಲಿ ಅದಕ್ಕೆ ಮೂರೂವರೆ ಲಕ್ಷ ಪೌಂಡ್ ದಂಡ ಬಿತ್ತು. ಸರ್ಕಾರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ, ಬಿಡಿ.

ನನಗೆ ಇಷ್ಟವಾದದ್ದು ಬ್ರಿಸ್ಬೇನಿನ ಪ್ರಸಂಗ. 2014ರ ಜಿ20 ಶೃಂಗಸಭೆಗೆ ಹೋಗಿದ್ದ 31 ನಾಯಕರ ಜನ್ಮದಿನಾಂಕ, ಪಾಸ್‌ಪೋರ್ಟ್ ನಂಬರು, ವೀಸಾ ವಿವರಗಳನ್ನು ಆಸ್ಟ್ರೇಲಿಯಾದ ವಲಸೆ ಇಲಾಖೆಯ ಸಿಬ್ಬಂದಿಯೊಬ್ಬರು ಏಷ್ಯಾ ಕಪ್ ಫುಟ್‌ಬಾಲ್ ಸಂಘಟಕರೊಬ್ಬರಿಗೆ ಮೇಲ್ ಮಾಡಿದರು. ಹೆಸರು ಟೈಪ್ ಮಾಡುವಾಗ ಔಟ್‌ಲುಕ್ ತಾನಾಗಿ ತುಂಬಿಕೊಟ್ಟದ್ದನ್ನು ನೋಡದೆ ಕಳಿಸಿದ್ದಷ್ಟೇ. ಒಬಾಮಾ, ಪುಟಿನ್ ಜೊತೆ ನಮ್ಮ ಮೋದಿಯವರ ವಿವರವೂ ಹೋಯಿತು. ಆ ನಾಯಕರಿಗೆ ತಿಳಿಸುವ ಅಗತ್ಯವಿಲ್ಲ ಅಂತ ಇಲಾಖೆ ತೀರ್ಮಾನಿಸಿತು. ಇದನ್ನು ಕೇಳಿದ ಮೇಲೆ ತಂಗಿಯ ಮಗ ಸ್ವಲ್ಪ ಸಮಾಧಾನಪಟ್ಟ.

ಬಯಲು ಮಾಡಲು ಇ-ಮೇಲೇ ಬೇಕು ಅಂತಿಲ್ಲ. 2020ರ ಮಾರ್ಚ್ ಕೊನೆಯ ವಾರ, ಹೊರದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದ ಸಾವಿರಾರು ಜನರ ವಿಳಾಸಗಳನ್ನು ಕರ್ನಾಟಕ ಸರ್ಕಾರ ತಾನಾಗಿ ಪ್ರಕಟಿಸಿತು. ಹೆಸರು ಹಾಕಿರಲಿಲ್ಲ. ರಾಜಾಜಿನಗರ, ವಿಜಯನಗರದಂಥ ಕಡೆ ಹೆಸರೇಕೆ? ಮನೆ ನಂಬರು, ಮೇನು, ಕ್ರಾಸು ಹೇಳಿದರೆ ಹಾಲಿನ ಹುಡುಗ ಕುಲಗೋತ್ರ ಹೇಳುತ್ತಾನೆ. ಅಕ್ಕಪಕ್ಕದವರು ಎಚ್ಚರವಾಗಿರಲಿ ಎಂಬುದು ಸರ್ಕಾರದ ವಾದ. ಪೂರ್ತಿ ಪೊಳ್ಳು ಎನ್ನಲಾರೆ. ಆಗ ಎಲ್ಲರಿಗೂ ಜೀವಭಯ.

ನಮ್ಮ ಹಿಂದಿನ ರಸ್ತೆಯ ದಂಪತಿ ಮಗಳ ಬಾಣಂತನ ಮುಗಿಸಿ ಆಗಷ್ಟೇ ಬಂದಿದ್ದರು. ಕೈಮೇಲೆ ಮುದ್ರೆ, ಗೇಟಿಗೆ ನೋಟಿಸು. ಪಟ್ಟಿ ವಾಟ್ಸಾಪಿಗೆ ಬಂದ ದಿನ ಯಾರೋ ಅವರ ಮನೆಯ ಸಾಲಿಗೆ ಮಾತ್ರ ಹಳದಿ ಬಳಿದು ಬಡಾವಣೆಯ ಗ್ರೂಪಿಗೆ ಹಾಕಿದರು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನೀರಿನ ಕ್ಯಾನಿನವನು ಬರುವುದು ನಿಲ್ಲಿಸಿದ. ಪೇಪರಿನವನು ಎದುರು ಮನೆಗೆ ಎಸೆದು ಹೋಗತೊಡಗಿದ. ಆ ಮನೆಯಲ್ಲಿ ಯಾರಿಗೂ ಸೋಂಕು ಬರಲಿಲ್ಲ. ಕೈಮೇಲಿನ ಮಸಿ ಕೆಲವೇ ವಾರದಲ್ಲಿ ಹೋಯಿತು, ಪಟ್ಟಿ ಇನ್ನೂ ಯಾರ್ಯಾರ ಫೋನಿನಲ್ಲಿದೆಯೋ.

ಸೋಜಿಗವೆಂದರೆ, ಖಾಸಗಿತನದ ಹಕ್ಕಿನ ಮೊಕದ್ದಮೆಗೆ ಹೆಸರು ಕೊಟ್ಟವರೇ ಬೆಂಗಳೂರಿನವರು. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ, 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅವರದೇ ಊರಿನಲ್ಲಿ ಆ ಪಟ್ಟಿ ಹೊರಬಿದ್ದದ್ದು ಮೂರು ವರ್ಷ ತುಂಬುವ ಮೊದಲೇ.

2023ರಲ್ಲಿ ಕಾನೂನೂ ಬಂತು. ಜನರ ಮಾಹಿತಿಯನ್ನು ಜೋಪಾನ ಮಾಡದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ. ಆದರೆ ತನ್ನ ಯಾವ ಸಂಸ್ಥೆ ಬೇಕಾದರೂ ಇದರಿಂದ ಹೊರಗಿರಲಿ ಎಂದು, ದೇಶದ ಭದ್ರತೆಯಂಥ ಕಾರಣ ಕೊಟ್ಟು, ಕೇಂದ್ರ ಸರ್ಕಾರ ಆದೇಶಿಸಬಹುದು. ಅದೇ ಕಾನೂನು ಮಾಹಿತಿ ಹಕ್ಕಿನ ಕಾಯ್ದೆಯನ್ನೂ ತಿದ್ದಿದೆ. 2025ರ ನವೆಂಬರಿನಿಂದ ಆ ತಿದ್ದುಪಡಿ ಜಾರಿಯಲ್ಲಿದೆ. ಅಷ್ಟೂ ಜನರ ವಿಳಾಸ ಬಯಲು ಮಾಡಿದ ಆ ಮೇಲ್ ಕಳಿಸಿದ ನೌಕರರು ಯಾರು ಅಂತ ನಾಳೆ ತಂಗಿಯ ಮಗ ಅರ್ಜಿ ಹಾಕಿದರೆ, ಅದು ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ ಎಂದು ಉತ್ತರಿಸಲು ಕಚೇರಿಗೆ ಈಗ ದಾರಿಯಿದೆ.