ಸೋಮವಾರದ ನ್ಯಾಯ

ಸೋಮವಾರ ಸಿರಿಗೆರೆ ಬಸ್ಸಿನಲ್ಲಿ ಕಾಗದದ ಕಟ್ಟು ಹಿಡಿದವರು ಕಂಡರೆ ನನಗೆ ಗೊತ್ತಾಗಿಬಿಡುತ್ತದೆ, ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಹೊರಟಿದ್ದಾರೆ ಎಂದು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು. ಅಲ್ಲಿ ಪೊಲೀಸರಿಲ್ಲ, ಜೈಲಿಲ್ಲ. ಆದರೂ ಮಾತು ನಡೆಯುವುದು ಹೇಗೆ? ಎದುರಿಗೆ ಗುರುಗಳು, ಪಕ್ಕದಲ್ಲಿ ತನ್ನದೇ ಊರಿನವರು. ಸುಳ್ಳು ಹೇಳಿದರೆ ನಾಳೆ ಮಗಳ ಮದುವೆಗೆ ಕರೆಯಬೇಕಾದವರೂ ಅವರೇ! ಮುದ್ರೆ ಹಾಕಿದ ಆದೇಶಕ್ಕಿಂತ ಆ ನಾಚಿಕೆಯೇ ದೊಡ್ಡದು.

ಈ ಬಿಗಿ ನನಗಿಷ್ಟ. ಸ್ವಲ್ಪ ಅಳುಕೂ ಉಂಟು. ಬಂಧುಬಳಗವೆಲ್ಲ ಒಂದಾಗಿ ತಲೆಯಾಡಿಸಿದಾಗ, ಹೊರಗಿನಿಂದ ಬಂದ ಸೊಸೆ “ಇಲ್ಲ” ಎನ್ನಲು ಎಷ್ಟು ಧೈರ್ಯ ಬೇಕು, ಮಕ್ಕಳೇ! ಆದರೆ ಬೇರೆ ಜಾತಿಯವರು, ಬೇರೆ ಧರ್ಮದವರೂ ಇಲ್ಲಿಗೆ ದೂರು ತರುತ್ತಾರೆ. ಮಠ ಅವರದಲ್ಲ. ನೆರೆಮನೆಯವರ ವ್ಯಾಜ್ಯ ಇಲ್ಲಿ ಬಗೆಹರಿದದ್ದನ್ನು ಮಾತ್ರ ನೋಡಿರುತ್ತಾರೆ.