ಐದನೆಯ ಕಸುಬು

ನಾನು ಎರಡು ವರ್ಷ ದೇವತೆಯಾಗಿದ್ದೆ. ಮನೆಯಲ್ಲಿ ಇದನ್ನು ಹೇಳಿದರೆ ನನ್ನ ಹೆಂಡತಿ, "ಆಗಲೂ ಕೆಲಸಕ್ಕೆ ಬಾರದ ದೇವರೇ ಇದ್ದಿರಬೇಕು" ಎನ್ನುತ್ತಾಳೆ. ಆ ಮಾತಿನಲ್ಲಿ ಎಷ್ಟು ಸತ್ಯವಿದೆಯೆಂಬುದು ಅವಳಿಗೂ ತಿಳಿಯದು. ಹಳೆಯ ಕತೆ, ಮರೆತೆನೆಂದೇ ತಿಳಿದಿದ್ದೆ. ಹೋದ ಭಾನುವಾರ ತಂಗಿಯ ಮಗಳು ನಮ್ಮ ಮನೆಗೆ ಬಂದವಳು, ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತಳು. ಅಲ್ಲಿಂದ ಎಲ್ಲವೂ ಮತ್ತೆ ಎದ್ದು ಬಂತು.

ಹುಡುಗಿಗೆ ಬೆಂಗಳೂರಿನದೇ ಒಂದು ಆಟದ ಕಂಪನಿಯಲ್ಲಿ ಕೆಲಸ. ಆಟದ ಕಂಪನಿಯೆಂದರೆ ಚೆಂಡು, ಬ್ಯಾಟು ಮಾರುವುದಲ್ಲ. ಸಾವಿರಾರು ಜನ ತಂತಮ್ಮ ಮನೆಯಲ್ಲೇ ಕುಳಿತು, ಅಂತರ್ಜಾಲದ ದಾರಿಯಿಂದ ಒಂದೇ ಲೋಕವನ್ನು ಹೊಕ್ಕು, ಒಬ್ಬೊಬ್ಬರು ಒಂದೊಂದು ವೇಷ ಕಟ್ಟಿ ಆಡುವ ಆಟಗಳಿವೆಯಲ್ಲ, ಅವನ್ನು ಹೆಣೆಯುವುದು. ಯಕ್ಷಗಾನದಲ್ಲಿ ರಾಜವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಎಂದು ಇರುವಂತೆ ಅಲ್ಲಿಯೂ ವಿಭಾಗಗಳುಂಟು. ಅದಕ್ಕೆ ಅವರು 'ಕ್ಲಾಸ್' ಎನ್ನುತ್ತಾರೆ. ಇಸ್ಕೂಲಿನ ಕ್ಲಾಸೂ ಅಲ್ಲ, ರೈಲಿನ ಕ್ಲಾಸೂ ಅಲ್ಲ. ನಾನು ಅದನ್ನು ಕಸುಬು ಎಂದು ಕರೆಯುತ್ತೇನೆ.

"ಮಾವ, ನಮ್ಮ ಆಟದಲ್ಲಿ ಹನ್ನೊಂದು ಕಸುಬು ಇವೆ. ಹೊಸದೊಂದು ಸೇರಿಸಬೇಕು" ಎಂದು ಒಂದು ದೊಡ್ಡ ಕೋಷ್ಟಕವನ್ನು ನನ್ನತ್ತ ತಿರುಗಿಸಿದಳು. "ಜಾಗ ಮಾಡೋದಕ್ಕೆ ಈ ಕೊನೆಯದನ್ನು ತೆಗೆದು ಬೇರೆಯದರಲ್ಲಿ ಸೇರಿಸಿಬಿಡೋಣ ಅಂತ. ನೂರಕ್ಕೆ ಇಬ್ಬರೂ ಇದನ್ನು ಆಡೋದಿಲ್ಲ."

ನನ್ನ ಕೈಯಲ್ಲಿದ್ದ ಅಡಿಕೆಪುಡಿ ಕೈಯಲ್ಲೇ ಉಳಿಯಿತು.

ಈ ಕಸುಬುಗಳ ಮೂಲ ಕಂಪ್ಯೂಟರಿನಲ್ಲಿಲ್ಲ. ಕಾಗದ, ಪೆನ್ಸಿಲು, ದಾಳಗಳಲ್ಲಿದೆ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ಅದರಲ್ಲಿ ಇದ್ದದ್ದು ಮೂರೇ ಕಸುಬು: ಕಾದುವವನು, ಮಂತ್ರ ಹಾಕುವವನು, ಪುರೋಹಿತ. ಮರುವರ್ಷವೇ ಒಂದು ಪುರವಣಿ ಬಂದು ಕಳ್ಳನನ್ನೂ ಸೇರಿಸಿತು. ಮೂರು ಮನೆ ಎದ್ದ ಊರಿಗೆ ನಾಲ್ಕನೆಯವನಾಗಿ ಕಳ್ಳ ಬರುವುದು ಲೋಕದಲ್ಲಿ ಹೊಸತೇನಲ್ಲ. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬವರು ಹಲವರು ಒಟ್ಟಿಗೆ ಹೊಕ್ಕು ಆಡಬಹುದಾದ ಕಂಪ್ಯೂಟರ್ ಲೋಕವೊಂದನ್ನು ಕಟ್ಟಿ 'ಮಡ್' ಎಂದು ಹೆಸರಿಟ್ಟರು. ಆಮೇಲೆ ಕೋಪನ್‌ಹೇಗನ್ನಿನ ಐವರು ವಿದ್ಯಾರ್ಥಿಗಳು ೧೯೯೧ರಲ್ಲಿ 'ಡಿಕುಮಡ್' ಎಂಬುದನ್ನು ಬರೆದು ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಹಂಚಿದರು. ಅದರಲ್ಲಿ ಅದೇ ನಾಲ್ಕು ಕಸುಬು. ಮಡ್ ಎಂದರೆ ಇಂಗ್ಲಿಷಿನಲ್ಲಿ ಕೆಸರು ಎಂದೂ ಆಗುತ್ತದೆ. ಅದರಲ್ಲಿ ಕಾಲಿಟ್ಟವರಲ್ಲಿ ನಾನೊಬ್ಬ.

೧೯೯೫ರಲ್ಲಿ ಓದಲೆಂದು ಅಮೆರಿಕಕ್ಕೆ ಹೋಗಿದ್ದೆ. ಮೊದಲ ಚಳಿಗಾಲ. ಹೊರಗೆ ಮೊಣಕಾಲುದ್ದ ಹಿಮ. ಊರಿಗೆ ಫೋನು ಮಾಡಿದರೆ ನಿಮಿಷದ ಲೆಕ್ಕದಲ್ಲಿ ಕರುಳು ಕತ್ತರಿಸುವಷ್ಟು ದುಡ್ಡು. ರಾತ್ರಿ ಪ್ರಯೋಗಶಾಲೆಯಲ್ಲಿ ಉಳಿದವರು ಆಡುತ್ತಿದ್ದುದನ್ನು ನೋಡಿ ನಾನೂ ಕುಳಿತೆ. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆಯ ಮೇಲೆ ಬರಿಯ ಅಕ್ಷರ. 'ನೀನು ಊರಿನ ಚೌಕದಲ್ಲಿದ್ದೀಯೆ' ಎಂದು ಅದು ಬರೆಯುತ್ತದೆ. 'ಉತ್ತರಕ್ಕೆ' ಎಂದು ನೀವು ಬರೆಯುತ್ತೀರಿ. ಅದು ಉತ್ತರದಲ್ಲಿರುವುದನ್ನು ವರ್ಣಿಸುತ್ತದೆ. ಮೂವತ್ತು ಮೆಟ್ಟಿಲು ಹತ್ತಿದವನು ಅಮರನಾಗುತ್ತಾನೆ. ಅಮರನಿಗೆ ಲೋಕವನ್ನೇ ತಿದ್ದುವ ಅಧಿಕಾರ, ಯಾರ ಕಣ್ಣಿಗೂ ಬೀಳದೆ ತಿರುಗಾಡುವ ಸೌಲಭ್ಯ. ಓದನ್ನು ಮೂಲೆಗಿಟ್ಟು ಒಂದು ವರ್ಷದಲ್ಲಿ ನಾನು ಮೂವತ್ತನ್ನೂ ಹತ್ತಿದೆ.

ಹೊಸದಾಗಿ ಅಧಿಕಾರ ಬಂದವನಿಗೆ ಏನಾದರೂ ಕಟ್ಟಬೇಕೆನ್ನಿಸುತ್ತದೆ. ನಾನು ಐದನೆಯ ಕಸುಬನ್ನು ಕಟ್ಟಲು ಹೊರಟೆ.

ಕಸುಬು ಕಟ್ಟುವುದೆಂದರೆ ಒಬ್ಬನಿಗೆ ಏನೇನು ಶಕ್ತಿ ಕೊಡಬೇಕೆಂಬುದೇ ಎಂದು ಬಹಳ ಮಂದಿ ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ಗುಟ್ಟಿರುವುದು ಕೊಡದಿರುವುದರಲ್ಲಿ. ಯೋಧ ಮುಂದೆ ನಿಂತು ಪೆಟ್ಟು ತಿನ್ನಬಲ್ಲ, ಆದರೆ ಗಾಯ ಮಾಯಿಸಿಕೊಳ್ಳಲಾರ. ಮಾಂತ್ರಿಕ ಹಿಂದಿನಿಂದ ಸಿಡಿಲು ಬೀಳಿಸಬಲ್ಲ, ಆದರೆ ಎರಡು ಏಟಿಗೆ ನೆಲ ಹಿಡಿಯುತ್ತಾನೆ. ಪುರೋಹಿತ ಮಂತ್ರ ಹೇಳಿ ಗಾಯ ಮಾಯಿಸುತ್ತಾನೆ, ಒಂಟಿಯಾಗಿ ನರಿಯನ್ನೂ ಕೊಲ್ಲಲಾರ. ಈ ಕೊರತೆಯಿಂದಲೇ ಒಬ್ಬರಿಗೊಬ್ಬರು ಬೇಕಾಗುತ್ತಾರೆ. ೧೯೯೭ರಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ಈ ಕಟ್ಟನ್ನೇ ಬಿಚ್ಚಿ, ಒಟ್ಟು ೭೦೦ ಅಂಕವನ್ನು ನಿಮಗೆ ಬೇಕಾದ ವಿದ್ಯೆಗಳಿಗೆ ಹಂಚಿಕೊಳ್ಳಿ ಎಂದಿತು. ಆದರ್ಶವೇನೋ ದೊಡ್ಡದು. ಕಾಳಗಕ್ಕೆ ಹೊರಟವರಲ್ಲಿ ಬಹುಮಂದಿ ಏನು ಮಾಡಿದರು? ಕತ್ತಿಯನ್ನೂ ಮಂತ್ರವನ್ನೂ ಬೆರೆಸಿ ಒಂದೇ ಅಚ್ಚಿನಲ್ಲಿ ತೆಗೆದ ಬೆಲ್ಲದಂತಾದರು.

ನನ್ನ ಐದನೆಯವನು ವೈದ್ಯ. ತೀರ್ಥಹಳ್ಳಿಯ ಕಡೆಯ ನಮ್ಮ ಅಜ್ಜಿ ಸೊಪ್ಪುಸದೆಯ ಮದ್ದು ಕೊಡುತ್ತಿದ್ದಳು. ಅವಳಿಗೆ ಮಂತ್ರ ಬರುತ್ತಿರಲಿಲ್ಲ. ಯಾವ ಹಳ್ಳದ ಬದಿಯಲ್ಲಿ ಯಾವ ಸೊಪ್ಪಿದೆಯೆಂಬುದು ಗೊತ್ತಿತ್ತು. ಅವಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ವೈದ್ಯನಿಗೆ ಕತ್ತಿಯಿಲ್ಲ, ಮಂತ್ರವಿಲ್ಲ. ಕಾಡಿನಲ್ಲಿ ಸೊಪ್ಪು ಹುಡುಕಿ ತಂದು ಅರೆದು ಕೊಡಬೇಕು. ಒಟ್ಟು ಏಳು ಸೊಪ್ಪು. ಹೆಸರುಗಳು ಅಜ್ಜಿಯವೇ, ಒಂದೆಲಗ, ತುಂಬೆ ಮೊದಲಾದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೆಹಾಗೆಯೇ ಬರೆದುಬಿಟ್ಟೆ. ಅರ್ಧ ಗಂಟೆಗೊಮ್ಮೆ ಅವು ಮತ್ತೆ ಚಿಗುರುವಂತೆ ಏರ್ಪಾಡು. ಇದಲ್ಲದೆ ಎಷ್ಟು ಕೋಷ್ಟಕ! ಪ್ರತಿ ಮೆಟ್ಟಿಲಿಗೂ ಎಷ್ಟು ಅನುಭವ ಬೇಕು, ಏಟು ತಗಲುವ ಸಂಭವವೆಷ್ಟು, ವಿಷವನ್ನು ತಡೆಯುವ ಶಕ್ತಿಯೆಷ್ಟು. ಕೊನೆಗೆ ಮೂವತ್ತು ಮೆಟ್ಟಿಲಿಗೆ ಮೂವತ್ತು ಬಿರುದು. ಗಂಡಸಿಗೆ ಬೇರೆ, ಹೆಂಗಸಿಗೆ ಬೇರೆ. ಹನ್ನೆರಡರವರೆಗೆ ಉತ್ಸಾಹದಿಂದ ಸಾಗಿತು. ಆಮೇಲೆ ನಿಘಂಟು ಹಿಡಿದೆ.

ಐದನೆಯವನು ಕಾಲಿಟ್ಟ ದಿನವೇ ಪುರೋಹಿತರ ದೂರು ಬಂತು. ಇಷ್ಟು ದಿನ ಗುಂಪುಗಳೆಲ್ಲ ತಮ್ಮ ಬಾಗಿಲಿಗೆ ಬಂದು ಕೈಮುಗಿಯುತ್ತಿದ್ದವು. ಈಗ ಯಾರೂ ಕರೆಯುವುದಿಲ್ಲವೆಂದು. ಮರುವಾರ ಚತುರನೊಬ್ಬ ಒಂದು ಉಪಾಯ ಕಂಡುಹಿಡಿದ. ಮೂವರು ವೈದ್ಯರನ್ನು ಬೆನ್ನಿಗಿಟ್ಟುಕೊಂಡ ಯೋಧ ಸಾಯುವುದೇ ಇಲ್ಲ. ನಮ್ಮ ಲೋಕದ ಅತಿ ಘೋರ ಡ್ರ್ಯಾಗನ್ನು ಆ ವಾರ ಆರು ಸಲ ಸತ್ತಿತು. ನಾನು ಸೊಪ್ಪಿನ ಗುಣವನ್ನು ಅರ್ಧಕ್ಕಿಳಿಸಿದೆ. ಸಾಲದೆ ಇನ್ನೂ ಇಳಿಸಿದೆ. ಆಗ ವೈದ್ಯರನ್ನು ಯಾರೂ ಕೇಳದಾದರು. ವರ್ಷದ ಕೊನೆಗೆ ಉಳಿದವರು ಹನ್ನೊಂದು ಜನ. ನಮ್ಮ ಮುಖ್ಯ ದೇವತೆ, "ಇದನ್ನು ಪುರೋಹಿತರಲ್ಲಿ ಸೇರಿಸಿಬಿಡು, ಕೋಷ್ಟಕ ಚೊಕ್ಕಟವಾಗುತ್ತದೆ" ಎಂದ. ನನಗೂ ಸರಿಯೆನ್ನಿಸಿತು. ಯಾರ ಮೆಟ್ಟಿಲನ್ನೂ ಇಳಿಸಲಿಲ್ಲ; ಹದಿನೆಂಟರಲ್ಲಿದ್ದ ವೈದ್ಯ ಹದಿನೆಂಟರ ಪುರೋಹಿತನಾಗುತ್ತಾನೆ. ಅನ್ಯಾಯವೆಲ್ಲಿ ಬಂತು? ಆ ಕಡತದಲ್ಲಿ ಕಸುಬುಗಳನ್ನು ಸೊನ್ನೆಯಿಂದ ಎಣಿಸುತ್ತಿದ್ದರು. ಪುರೋಹಿತನೆಂದರೆ ೧, ನನ್ನ ವೈದ್ಯ ೪. ಹನ್ನೊಂದು ಕಡೆ ೪ ಇದ್ದಲ್ಲಿ ೧ ಎಂದು ಮಾಡಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಮಲಗಿ ಚೆನ್ನಾಗಿ ನಿದ್ರೆ ಮಾಡಿದೆ.

ಆ ಹನ್ನೊಂದು ಜನರಲ್ಲಿ ಒಬ್ಬಾಕೆ ನರ್ಸು. ಯಾವುದೋ ಊರಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ; ಬೆಳಗ್ಗೆ ಮನೆಗೆ ಬಂದು ಮಲಗುವ ಮೊದಲು ಒಂದು ಗಂಟೆ ಆಡುವಳು. ದಿನವೆಲ್ಲ, ಅಲ್ಲ, ರಾತ್ರಿಯೆಲ್ಲ ರೋಗಿಗಳ ಸೇವೆ ಮಾಡಿ ಬಂದು ಆಟದಲ್ಲಿಯೂ ಅದೇ ಏಕೆಂದು ಒಮ್ಮೆ ಕೇಳಿದ್ದೆ. "ಇಲ್ಲಿ ಎಲ್ಲರೂ ಬದುಕುತ್ತಾರೆ" ಎಂದು ಬರೆದಿದ್ದಳು. ಡ್ರ್ಯಾಗನ್ನಿನ ಕಡೆ ಆಕೆ ತಲೆಹಾಕಿಯೂ ಮಲಗಿದವಳಲ್ಲ. ಊರ ಚೌಕದ ಕಾರಂಜಿಯ ಬಳಿ ಕುಳಿತು, ಇಲಿ ಕಚ್ಚಿ, ನಾಯಿ ಕಚ್ಚಿ ಓಡಿ ಬರುವ ಹೊಸಬರಿಗೆ ಸೊಪ್ಪು ಅರೆದು ಕೊಡುವಳು. ಯಾವ ಸೊಪ್ಪು ಎಲ್ಲಿದೆಯೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಳಂತೆ. 'ಒಂದೆಲಗ' ಎಂಬುದನ್ನು ಅಷ್ಟು ತಪ್ಪಿಲ್ಲದೆ ಬರೆದ ಅಮೆರಿಕದವಳನ್ನು ನಾನು ಬೇರೆ ಕಂಡಿಲ್ಲ.

ಮರುದಿನ ಬೆಳಗ್ಗೆ ಆಕೆ ಬಂದಾಗ ನಾನು ಅದೃಶ್ಯನಾಗಿ ಚೌಕದಲ್ಲಿಯೇ ಇದ್ದೆ. ಒಂದು ಸೊಪ್ಪು ಅರೆಯಲು ಹೋದಳು. 'ನಿನಗೆ ಆ ವಿದ್ಯೆ ಬಾರದು' ಎಂದು ಉತ್ತರ ಬಂತು. ಆ ವಾಕ್ಯವನ್ನು ಬರೆದವನೂ ನಾನೇ. ಮತ್ತೊಮ್ಮೆ ಪ್ರಯತ್ನಿಸಿದಳು. ಆಮೇಲೆ ಚೀಲದಲ್ಲಿದ್ದ ಸೊಪ್ಪನ್ನೆಲ್ಲ ಒಂದೊಂದಾಗಿ ಕಾರಂಜಿಯ ಬಳಿ ನೆಲಕ್ಕಿಟ್ಟಳು. ನಲವತ್ತಕ್ಕೂ ಹೆಚ್ಚು. ಒಂದೊಂದಕ್ಕೂ ಪರದೆಯಲ್ಲಿ ಒಂದೊಂದು ಸಾಲು ಬರುತ್ತಿತ್ತು. ನಾನು ದೇವತೆ; ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. "ಒಂದು ಮಾತು ಕೇಳಬಹುದಿತ್ತು" ಎಂದು ಚೌಕದ ಫಲಕದ ಮೇಲೆ ಬರೆದು ಆಕೆ ಹೋದಳು. ಮತ್ತೆ ಬರಲಿಲ್ಲ. ನಮ್ಮ ಲೋಕವನ್ನು ಆಗಾಗ ನಿಲ್ಲಿಸಿ ಮತ್ತೆ ಹೊಸದಾಗಿ ನಡೆಸುತ್ತಿದ್ದೆವು. ಹಾಗೆ ಮಾಡಿದಾಗ ನೆಲದ ಮೇಲೆ ಬಿದ್ದದ್ದೆಲ್ಲ ಅಳಿದುಹೋಗುತ್ತದೆ. ಆ ದಿನ ಸಂಜೆಯೇ ನಿಲ್ಲಿಸಿದೆವು.

ಆರೆಂಟು ವರ್ಷದ ಮೇಲೆ, ನಾನು ಮಾಡಿದ್ದನ್ನೇ ದೊಡ್ಡವರು ದೊಡ್ಡದಾಗಿ ಮಾಡಿದ್ದನ್ನು ಕಂಡೆ. ೨೦೦೩ರಲ್ಲಿ 'ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್' ಎಂಬ ಆಟ ಬಂತು. ಮೂವತ್ತಕ್ಕೂ ಹೆಚ್ಚು ಕಸುಬು: ದರ್ಜಿ, ಅಡಿಗೆಯವ, ಸಂಗೀತಗಾರ, ವೈದ್ಯ, ಕಾಡುಪ್ರಾಣಿ ಪಳಗಿಸುವವ. ಪಾನಗೃಹದಲ್ಲಿ ನರ್ತಕಿ ಕುಣಿದರೆ ಕಾದಿ ಬಂದವರ ದಣಿವು ಹೋಗುತ್ತಿತ್ತು. ಕುಣಿಯುವುದೇ ಅಲ್ಲಿ ಒಂದು ಬಾಳುವೆ. ೨೦೦೫ರ ನವೆಂಬರಿನಲ್ಲಿ ಇವೆಲ್ಲವನ್ನೂ ಕೂಡಿಸಿ ಕಳೆದು ಒಂಬತ್ತಕ್ಕೆ ತಂದರು. ಪ್ರಾಣಿ ಪಳಗಿಸುವ ಕಸುಬು ಹೋಯಿತು. ಹಲವು ತಿಂಗಳು ತಪಸ್ಸು ಮಾಡಿ ಒಬ್ಬಿಬ್ಬರು ಪಡೆಯುತ್ತಿದ್ದ 'ಜೆಡೈ' ಪದವಿಯನ್ನು ಮೊದಲ ದಿನವೇ ಯಾರು ಬೇಕಾದರೂ ಆರಿಸಿಕೊಳ್ಳಬಹುದಾಯಿತು. ಹಳಬರು ಗುಂಪುಗುಂಪಾಗಿ ಬಿಟ್ಟು ಹೋದರು. ೨೦೧೧ರ ಡಿಸೆಂಬರಿನಲ್ಲಿ ಆಟವೇ ಮುಚ್ಚಿತು. ಆ ಸುದ್ದಿ ಓದುವಾಗ ನನಗೆ ಕಾಣುತ್ತಿದ್ದುದು ಕಾರಂಜಿಯೊಂದೇ.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಕಟ್ಟಿದವರು ಇದರಲ್ಲಿ ಜಾಣರು. ೨೦೦೪ರಲ್ಲಿ ಒಂಬತ್ತು ಕಸುಬಿನಿಂದ ಹೊರಟು, ೨೦೦೮, ೨೦೧೨, ೨೦೧೬, ೨೦೨೨ ಎಂದು ಒಂದೊಂದನ್ನೇ ಸೇರಿಸಿ ಹದಿಮೂರಕ್ಕೆ ಬಂದರು. ಹದಿನೆಂಟು ವರ್ಷಕ್ಕೆ ನಾಲ್ಕು! ನಮ್ಮ ಮನೆಗೆ ಸೊಸೆ ತರುವಾಗಲೂ ಇಷ್ಟು ಯೋಚಿಸುವುದಿಲ್ಲ. ತಿದ್ದಿದ್ದು, ತೇಯ್ದದ್ದು ಬಹಳವಿದೆ, ಜಗಳಗಳೂ ಇವೆ. ಆದರೆ ಇದ್ದವನ ಹೆಸರನ್ನು ಹೊಡೆದುಹಾಕಲಿಲ್ಲ.

ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಕಾಫಿ ಬಂದು ಆರಿತ್ತು. ಹುಡುಗಿ ಸುಲಭವಾಗಿ ಒಪ್ಪುವವಳಲ್ಲ.

"ಈಗ ಕಾಲ ಹಾಗಿಲ್ಲ ಮಾವ. 'ಫೈನಲ್ ಫ್ಯಾಂಟಸಿ ಹದಿನಾಲ್ಕು' ನೋಡಿ. ಕೈಯಲ್ಲಿನ ಆಯುಧ ಬದಲಾಯಿಸಿದರೆ ಕಸುಬೇ ಬದಲಾಗುತ್ತೆ. ಒಬ್ಬನೇ ಎಲ್ಲ ಕಸುಬನ್ನೂ ಕಲೀಬಹುದು. ಯಾರೂ ಯಾವುದಕ್ಕೂ ಅಂಟಿಕೊಳ್ಳೋದಿಲ್ಲ."

"ನೂರಕ್ಕೆ ಇಬ್ಬರು ಅಂದೆಯಲ್ಲ, ಅವರು ಎಷ್ಟು ಜನ?" ಎಂದೆ.

ಅವಳು ಕೋಷ್ಟಕವನ್ನು ನೋಡಿದಳು. ಸಂಖ್ಯೆಯನ್ನು ಹೇಳಲಿಲ್ಲ. ಸ್ವಲ್ಪ ಹೊತ್ತು ಕೊನೆಯ ಸಾಲಿನ ಮೇಲೆ ಬೆರಳಾಡಿಸುತ್ತ ಕುಳಿತು, ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿ, "ಆ ಏಳು ಸೊಪ್ಪು ಯಾವುವು ಮಾವ?" ಎಂದಳು.

ಒಂದೆಲಗ, ತುಂಬೆ, ನೆಲನೆಲ್ಲಿ, ಅಮೃತಬಳ್ಳಿ, ಲಕ್ಕಿ, ಆಡುಸೋಗೆ. ಬೆರಳು ಮಡಿಸಿ ಆರು ಹೇಳಿದೆ. ಏಳನೆಯದು ಎಷ್ಟು ಹೊತ್ತಾದರೂ ನೆನಪಿಗೆ ಬರಲಿಲ್ಲ. ಅಜ್ಜಿ ಇಲ್ಲ, ಆ ಲೋಕವೂ ಎಂದೋ ನಿಂತುಹೋಯಿತು. ಆ ನೋಟುಪುಸ್ತಕದಲ್ಲಿ ಇದ್ದರೆ ಇದೆ.