ಮಣಿಕಟ್ಟಿಗೆ ಒಗ್ಗುವ ವಾಚು

ಕೈಗಡಿಯಾರ ಕೊಳ್ಳುವವರು ಸಾಮಾನ್ಯವಾಗಿ ಅಂಗಡಿಯ ಗಾಜಿನ ಮೇಜಿನ ಮೇಲೆ ಕೈ ನೀಡಿ, ಕೈಯನ್ನು ಅಲುಗಿಸದೆ, ಫ್ಯಾನಿನ ಗಾಳಿಯಲ್ಲಿ ಅದನ್ನು ಪರೀಕ್ಷಿಸುತ್ತಾರೆ. ಆದರೆ ಅದನ್ನು ಹೊರಬೇಕಾದ ಮಣಿಕಟ್ಟು ಬಾಗುವ, ಹೊರಳುವ, ಬೆವರುವ, ಬಿಸಿಲೇರಿದಂತೆ ತುಸು ಊದಿಕೊಳ್ಳುವ ಅಂಗವಾದ್ದರಿಂದ, ಬೆಳಗ್ಗೆ ಹೇಳಿ ಮಾಡಿಸಿದಂತಿದ್ದ ವಾಚು ಸಂಜೆಯ ಹೊತ್ತಿಗೆ ಹೊಸ ಚಪ್ಪಲಿಯಂತೆ ಕಚ್ಚತೊಡಗಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಮಾರುವವರೂ ಕೊಳ್ಳುವವರೂ ಮೊದಲು ಹಿಡಿದುಕೊಳ್ಳುವುದು ಕೇಸಿನ, ಅಂದರೆ ಯಂತ್ರವನ್ನು ಒಳಗಿಟ್ಟುಕೊಂಡ ಲೋಹದ ಕವಚದ, ವ್ಯಾಸವನ್ನು. 36, 40, 42 ಮಿ.ಮೀ. ಎಂಬ ಈ ಅಂಕಿಗಳಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಮರ್ಯಾದೆ ಸಂದಿದೆ ಎನ್ನಬೇಕು. ಕವಚದ ಮೇಲ್ತುದಿಯಲ್ಲಿ ಎರಡು, ಕೆಳತುದಿಯಲ್ಲಿ ಎರಡು ಚಾಚಿಕೊಂಡಿರುವ, ಪಟ್ಟಿಯ ಪಿನ್ನನ್ನು ಹಿಡಿದಿಡುವ ಕಿವಿಗಳಿಗೆ ಲಗ್ ಎಂದು ಹೆಸರು. ಒಂದು ತುದಿಯ ಲಗ್‌ನಿಂದ ಇನ್ನೊಂದು ತುದಿಯ ಲಗ್‌ವರೆಗಿನ ಉದ್ದವೇ ಧರಿಸುವವನಿಗೆ ನಿಜವಾಗಿ ತಟ್ಟುವ ಅಳತೆ. ಸುತ್ತಳತೆ 17 ಸೆಂ.ಮೀ. ಇರುವ ಮಣಿಕಟ್ಟಿನ ಅಗಲ ಸುಮಾರು 6 ಸೆಂ.ಮೀ. ಮಾತ್ರ, ಅದರಲ್ಲಿ ಸಮತಟ್ಟಾದ ಭಾಗ ಇನ್ನೂ ಕಡಿಮೆ. ಲಗ್‌ಗಳು ಅದನ್ನು ಮೀರಿ ಚಾಚಿದರೆ ಪಟ್ಟಿ ಚರ್ಮಕ್ಕೆ ಒರಗದೆ ನೇರ ಕೆಳಗಿಳಿಯುತ್ತದೆ, ಇಕ್ಕೆಲದಲ್ಲಿ ಸಂದು ಉಳಿಯುತ್ತದೆ, ವಾಚು ಕೈಬೀಸಿಗೆ ತಕ್ಕಂತೆ ಅತ್ತಿತ್ತ ವಾಲುತ್ತದೆ. ಲಗ್‌ಗಳು ಗಿಡ್ಡವಾಗಿ, ಕೆಳಮುಖವಾಗಿ ಬಾಗಿದ್ದರೆ ಅಗಲವಾದ ವಾಚೂ ಸಣ್ಣ ಕೈಯಲ್ಲಿ ತೆಪ್ಪಗೆ ಕೂರುತ್ತದೆ.

ತೂಕದ ವಿಷಯದಲ್ಲಿಯೂ ಎಷ್ಟು ಭಾರ ಎಂಬುದಕ್ಕಿಂತ ಭಾರ ಎಲ್ಲಿದೆ ಎಂಬುದೇ ಮುಖ್ಯ. ದಪ್ಪ ಉಕ್ಕಿನ ಕವಚಕ್ಕೆ ತೆಳುವಾದ ಬಟ್ಟೆಯ ಪಟ್ಟಿ ಹಾಕಿದರೆ ತಲೆಭಾರದ ವಾಚು ಹೊರಳಿ ಮಣಿಕಟ್ಟಿನ ಪಕ್ಕಕ್ಕೆ ಜಾರುತ್ತದೆ. ಅದೇ ಕವಚಕ್ಕೆ ಉಕ್ಕಿನ ಚೈನು ಜೋಡಿಸಿದಾಗ ಒಟ್ಟು ತೂಕ ಹೆಚ್ಚಿದರೂ ಅದು ಸುತ್ತಲೂ ಹಂಚಿಹೋಗುವುದರಿಂದ ಎಷ್ಟೋ ಮಂದಿಗೆ ಹಗುರವೆನಿಸುತ್ತದೆ. ಟೈಟಾನಿಯಂ ಲೋಹದ ಸಾಂದ್ರತೆ ಉಕ್ಕಿನ ಅರ್ಧಕ್ಕಿಂತ ತುಸುವೇ ಹೆಚ್ಚು. ಶಾಖವನ್ನು ನಿಧಾನವಾಗಿ ಒಯ್ಯುವ ಗುಣವಿರುವುದರಿಂದ ಚಳಿಗಾಲದ ಬೆಳಗಿನಲ್ಲಿ ಅದು ಚುರುಕ್ಕೆನ್ನುವುದೂ ಇಲ್ಲ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ ತಾಂತ್ರಿಕ ನೆರವು ನೀಡಿದ ಜಪಾನಿನ ಸಿಟಿಜನ್ ಸಂಸ್ಥೆಯೇ 1970ರಲ್ಲಿ ಟೈಟಾನಿಯಂ ಕವಚದ ಮೊದಲ ಕೈಗಡಿಯಾರವನ್ನು ಹೊರತಂದಿತು.

ಕೀ ಕೊಡುವ ತಿರುಪಿನ ಉಪದ್ರವ ಬೇರೆ ಬಗೆಯದು. ಎಡಗೈಗೆ ಕಟ್ಟಿದ ವಾಚಿನಲ್ಲಿ ಅದು ಮೂರು ಗಂಟೆಯ ಅಂಕಿಯ ಬಳಿ, ಹಸ್ತದ ದಿಕ್ಕಿಗೆ ಮುಖಮಾಡಿರುತ್ತದೆ. ನೆಲಕ್ಕೆ ಕೈ ಊರಿ ಏಳುವಾಗ, ಸ್ಕೂಟರಿನ ಹಿಡಿಯನ್ನು ಒತ್ತುವಾಗ ಮಣಿಕಟ್ಟು ಹಿಂದಕ್ಕೆ ಮಡಿದು ಹಸ್ತದ ಹಿಂಬದಿಗೆ ತಿರುಪು ಚುಚ್ಚುತ್ತದೆ. ಎಚ್‌ಎಂಟಿ ಜನತಾದಂತಹ, ದಿನವೂ ಕೀ ಕೊಡಬೇಕಾದ ವಾಚಿಗೆ ಬೆರಳಿಗೆ ಸಿಗುವ ತಿರುಪು ಬೇಕೇ ಬೇಕು. ಕೈಯ ಅಲುಗಾಟದಿಂದಲೇ ಸುತ್ತಿಕೊಳ್ಳುವ ಆಟೊಮ್ಯಾಟಿಕ್ ವಾಚಿಗೆ ಆ ಹಂಗಿಲ್ಲದ್ದರಿಂದ ಸೈಕೋ ಸಂಸ್ಥೆ ತನ್ನ ಹಲವು ಮಾದರಿಗಳಲ್ಲಿ ಅದನ್ನು ನಾಲ್ಕು ಗಂಟೆಯ ಕಡೆಗೆ ಸರಿಸಿತು. ಆದರೆ ಆ ಯಂತ್ರದೊಳಗೆ ತೂಗಾಡುವ ಲೋಹದ ಚಕ್ರವೊಂದು ಸೇರುವುದರಿಂದ ವಾಚಿನ ದಪ್ಪ ಏರುತ್ತದೆ, ತುಂಬುತೋಳಿನ ಅಂಗಿಯ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ಇವೆಲ್ಲ ಸರಿಯಿದ್ದರೂ ಕೊನೆಗೆ ಮಾನ ಉಳಿಸುವುದು ಅಥವಾ ಕಳೆಯುವುದು ಪಟ್ಟಿಯೇ. ಚರ್ಮದ ಪಟ್ಟಿಯ ಎರಡು ತೂತುಗಳ ನಡುವೆ ಸುಮಾರು ಅರ್ಧ ಸೆಂ.ಮೀ. ಅಂತರವಿರುತ್ತದೆ, ಬೇಕಾದ ಬಿಗಿ ಹಲವು ಸಲ ಆ ಎರಡರ ನಡುವೆಯೇ ಇರುತ್ತದೆ. ಒಂದರಲ್ಲಿ ರಕ್ತ ನಿಂತಂತಾಗುತ್ತದೆ, ಮುಂದಿನದರಲ್ಲಿ ವಾಚು ಬಳೆಯಂತೆ ಜಾರುತ್ತದೆ. ಮಡಿಸಿದ ತಗಡಿನ ಕೊಂಡಿಗಳ ಅಗ್ಗದ ಸ್ಪ್ರಿಂಗ್ ಚೈನು ಹಿಗ್ಗಿ ಕುಗ್ಗುವ ಅನುಕೂಲ ಕೊಟ್ಟರೂ ಕೂದಲಿರುವ ಕೈಯಿಂದ ಅದಕ್ಕೆ ಸುಂಕ ವಸೂಲು ಮಾಡುತ್ತದೆ. ಕರಾವಳಿಯ ಸೆಕೆಯಲ್ಲಿ ಚರ್ಮದ ಪಟ್ಟಿ ಬೆವರು ಹೀರಿ, ಒಣಗಲು ಬಿಡುವಿಲ್ಲದೆ, ನಾರತೊಡಗುತ್ತದೆ. ಪಟ್ಟಿಯಡಿ ಕೆಂಪಗೆ ತುರಿಸಿದೊಡನೆ ಲೋಹದ ಅಲರ್ಜಿಯೆಂದು ತೀರ್ಮಾನಿಸುವವರು ಬಹಳ. ಲೇಪ ಸವೆದ ಲೋಹದಿಂದ ಬೆವರಿಗೆ ಬಿಡುವ ನಿಕಲ್ ಅಂತಹ ತುರಿಕೆಗೆ ಕಾರಣವಾಗುವುದು ನಿಜವಾದರೂ, ಅನೇಕ ವೇಳೆ ತಪ್ಪು ಅಲ್ಲೇ ಸಿಕ್ಕಿಕೊಂಡ ಸೋಪಿನ ನೀರಿನದು, ಕೈತೊಳೆದ ಮೇಲೆ ಒರೆಸದ ಸೋಮಾರಿತನದ್ದು.

ಇತ್ತೀಚಿನ ಸ್ಮಾರ್ಟ್ ವಾಚು ಈ ಹಳೆಯ ವ್ಯಾಜ್ಯಕ್ಕೆ ಹೊಸ ಪಕ್ಷಗಾರನನ್ನು ತಂದಿದೆ. ಅದು ಅಡಿಭಾಗದಿಂದ ಹಸಿರು ಬೆಳಕನ್ನು ಚರ್ಮದೊಳಕ್ಕೆ ಹಾಯಿಸಿ, ಮರಳುವ ಬೆಳಕಿನ ಏರಿಳಿತದಿಂದ ನಾಡಿಬಡಿತವನ್ನು ಎಣಿಸುವುದರಿಂದ, ಸಡಿಲವಾಗಿದ್ದರೆ ಅಲುಗಾಟದಲ್ಲಿ ಲೆಕ್ಕ ತಪ್ಪುತ್ತದೆ. ಕೈಗೆ ಹಿತವಾದುದು ಸಡಿಲ, ಯಂತ್ರಕ್ಕೆ ಬೇಕಾದುದು ಬಿಗಿ. ವ್ಯಾಯಾಮದ ಹೊತ್ತಿಗೆ ಬಿಗಿದು ಆಮೇಲೆ ಸಡಿಲಿಸಬೇಕೆಂಬ ಸಲಹೆಯನ್ನು ತೂತುಗಳ ಪಟ್ಟಿಯಲ್ಲಿ ಪಾಲಿಸುವುದು ಕಿರಿಕಿರಿಯ ಕೆಲಸ. ಬೇಕಾದಲ್ಲಿ ಎಳೆದು ಅಂಟಿಸಬಹುದಾದ ವೆಲ್ಕ್ರೋ ಪಟ್ಟಿ, ನೋಟಕ್ಕೆ ಎಷ್ಟೇ ಸಾದಾ ಆಗಿದ್ದರೂ, ಇಂತಹ ವಾಚುಗಳಿಗೆ ಚೆನ್ನಾಗಿ ಹೊಂದಿಕೊಂಡಿರುವುದು ಇದೇ ಕಾರಣಕ್ಕೆ.